‘ನಾಟ್’ ಯಾವುದನ್ನು ಹಿಡಿಯುತ್ತದೆ? ಇಂಗ್ಲಿಷ್ ನಿಷೇಧ ವಾಕ್ಯಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ವಾಕ್ಯಕ್ಕೆ ‘ನಾಟ್’ ಸೇರಿಸುವುದು ಶಾಲೆಯಲ್ಲೇ ಬಂದಿರುತ್ತದೆ. ಡೂ, ಡಸ್, ಡಿಡ್, ಅದರ ಬೆನ್ನಿಗೆ ‘ನಾಟ್’, ಆಮೇಲೆ ಕ್ರಿಯಾಪದದ ಮೂಲರೂಪ. ಇಷ್ಟರಲ್ಲಿ ಎಡವುವವರು ಕಡಿಮೆ. ಅದೇ ವಾಕ್ಯದೊಳಗೆ ‘ಆಲ್ವೇಸ್’, ‘ರಿಯಲಿ’, ‘ಅಂಟಿಲ್’, ‘ಫಾರ್’ ಕಾಲಿಟ್ಟವೆಂದರೆ ಹೇಳಬೇಕೆಂದದ್ದು ಒಂದು, ಹೇಳಿದ್ದು ಇನ್ನೊಂದು ಆಗಿಬಿಡುತ್ತದೆ. ಅನುವಾದಗಳನ್ನು ತಿದ್ದುವ ಕೆಲಸದಲ್ಲಿ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇವು. ಇಂಗ್ಲಿಷ್ ಮಾತುಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಜೋರಾಗಿ ಓದಿಕೊಂಡರೆ ವ್ಯತ್ಯಾಸ ಬೇಗ ಕಿವಿಗೆ ಬೀಳುತ್ತದೆ.

ಕನ್ನಡ ಮಾತಾಡುವವರಿಗೆ ಇದು ಇಷ್ಟು ತೊಡಕಾಗುವುದೇಕೆ?

ನಮ್ಮ ‘ಇಲ್ಲ’ ಕೂರುವುದು ವಾಕ್ಯದ ಬಾಲದಲ್ಲಿ. ‘ಅವನು ನಿನ್ನೆ ಬೇಗ ಮನೆಗೆ ಹೋಗಲಿಲ್ಲ’. ಎಲ್ಲ ಹೇಳಿ ಮುಗಿದ ಮೇಲೆ ಬಂದು, ಹಿಂದಿರುಗಿ ನೋಡಿ, ಬೇಕಾದ್ದನ್ನು ಅಲ್ಲಗಳೆಯುತ್ತದೆ. ನಿನ್ನೆ ಹೋಗಲಿಲ್ಲವೋ, ಬೇಗ ಹೋಗಲಿಲ್ಲವೋ, ಮನೆಗೇ ಹೋಗಲಿಲ್ಲವೋ ಎಂಬುದನ್ನು ‘ಏ’, ‘ಊ’, ‘ಮಾತ್ರ’ದಂಥ ಸಣ್ಣ ಗುರುತುಗಳು, ಅವೂ ಇಲ್ಲದಿದ್ದರೆ ದನಿಯ ಏರಿಳಿತ ತಿಳಿಸುತ್ತವೆ.

ಇಂಗ್ಲಿಷ್‌ನ ‘ನಾಟ್’ ವಾಕ್ಯದ ಮುಂಭಾಗದಲ್ಲೇ ಸಹಾಯಕ ಕ್ರಿಯಾಪದಕ್ಕೆ ಅಂಟಿಕೊಂಡು, ಮುಂದಕ್ಕೆ ಮುಖ ಮಾಡಿ ನಿಂತಿರುತ್ತದೆ. ಅದರ ಬಲಕ್ಕೆ ಬಂದದ್ದು ಅದರ ಕೈಗೆ ಸಿಗಬಹುದು. ಎಡಕ್ಕಿರುವುದು ಸಾಮಾನ್ಯವಾಗಿ ತಪ್ಪಿಸಿಕೊಳ್ಳುತ್ತದೆ. ಮುಂದಿನ ಉತ್ತರಗಳಲ್ಲಿ ಮುಕ್ಕಾಲು ಪಾಲು ಇದೊಂದೇ ಮಾತು, ಬೇರೆ ಬೇರೆ ವೇಷದಲ್ಲಿ.

‘ಐ ರಿಯಲಿ ಡೋಂಟ್ ಲೈಕ್ ಇಟ್’, ‘ಐ ಡೋಂಟ್ ರಿಯಲಿ ಲೈಕ್ ಇಟ್’ ಎರಡೂ ಒಂದೇ ತಾನೆ?

ಅಲ್ಲ. ಮೊದಲನೆಯದರಲ್ಲಿ ‘ರಿಯಲಿ’ ಎಡಕ್ಕಿದೆ, ‘ಡೋಂಟ್’ ಅದನ್ನು ಮುಟ್ಟಲಾರದು. ಹಾಗಾಗಿ ‘ನನಗೆ ಅದು ಖಂಡಿತ ಹಿಡಿಸಿಲ್ಲ’ ಎಂದಾಯಿತು. ಎರಡನೆಯದರಲ್ಲಿ ನಿಷೇಧಕ್ಕೆ ಸಿಕ್ಕಿಬಿದ್ದದ್ದೇ ‘ರಿಯಲಿ’. ‘ಅಷ್ಟೇನೂ ಇಷ್ಟವಾಗಲಿಲ್ಲ’ ಎನ್ನುವ ಮೆತ್ತನೆಯ ಮಾತು ಅದು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಲಧಿಕಾರಿಯೊಬ್ಬರು ತಮ್ಮ ಯೋಜನೆಯ ಬಗ್ಗೆ ಅಭಿಪ್ರಾಯ ಕೇಳಿದ್ದರು. ‘ಅಷ್ಟಾಗಿ ಒಪ್ಪಿಗೆಯಿಲ್ಲ ಸರ್’ ಎನ್ನುವ ಧಾಟಿಯಲ್ಲಿ ಹೇಳೋಣವೆಂದು ‘ಐ ರಿಯಲಿ ಡೋಂಟ್ ಅಗ್ರೀ’ ಎಂದು ಬರೆದು ಕಳಿಸಿದೆ. ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಒಂದು ಪದ ಒಂದೇ ಹೆಜ್ಜೆ ಎಡಕ್ಕೆ ಸರಿದದ್ದಕ್ಕೆ ಕಟ್ಟಿದ ದಂಡ!

‘ಜಸ್ಟ್’, ‘ಸಿಂಪ್ಲಿ’ಗಳದ್ದೂ ಇದೇ ಕಥೆ. ‘ಐ ಜಸ್ಟ್ ಡೋಂಟ್ ಅಂಡರ್‌ಸ್ಟ್ಯಾಂಡ್’ ಎಂದರೆ ಏನು ಮಾಡಿದರೂ ಅರ್ಥವಾಗುತ್ತಿಲ್ಲ ಎಂದು. ‘ಶಿ ಡಸಂಟ್ ಜಸ್ಟ್ ಸಿಂಗ್’ ಎಂದರೆ ಬರೀ ಹಾಡುವುದಷ್ಟೇ ಅಲ್ಲ, ಇನ್ನೂ ಏನೋ ಮಾಡುತ್ತಾಳೆ ಎಂದು.

‘ನನಗೆ ಪೂರ್ತಿ ಅರ್ಥವಾಗಲಿಲ್ಲ’ ಎನ್ನುವುದು ಹೇಗೆ?

‘ಐ ಡಿಡ್ ನಾಟ್ ಕಂಪ್ಲೀಟ್ಲಿ ಅಂಡರ್‌ಸ್ಟ್ಯಾಂಡ್’. ಸ್ವಲ್ಪ ಆಯಿತು, ಸ್ವಲ್ಪ ಉಳಿಯಿತು. ‘ಫುಲಿ’, ‘ಎಂಟೈರ್ಲಿ’, ‘ಕ್ವೈಟ್’ ಕೂಡ ಅದೇ ಜಾಗದಲ್ಲಿ ಅದೇ ಕೆಲಸ ಮಾಡುತ್ತವೆ. ಒಂದು ಚೂರೂ ಆಗಲಿಲ್ಲ ಎನ್ನಬೇಕಾದರೆ ಕೊನೆಯಲ್ಲಿ ‘ಅಟ್ ಆಲ್’ ಇಡಿ: ‘ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್ ಇಟ್ ಅಟ್ ಆಲ್’. ಈ ‘ಅಟ್ ಆಲ್’ ಇಂದಿನ ಇಂಗ್ಲಿಷ್‌ನಲ್ಲಿ ನಿಷೇಧ, ಪ್ರಶ್ನೆ, ‘ಇಫ್’ ಇಂಥ ನೆರಳಲ್ಲಷ್ಟೇ ಬದುಕುತ್ತದೆ. ‘ಐ ಲೈಕ್ ಇಟ್ ಅಟ್ ಆಲ್’ ಎಂದು ಯಾರೂ ಹೇಳುವುದಿಲ್ಲ.

‘ಆಲ್ವೇಸ್’, ‘ಆಫನ್’, ‘ಸಮ್‌ಟೈಮ್ಸ್’ ಇವನ್ನು ‘ನಾಟ್’ಗೆ ಮೊದಲು ಹಾಕಬೇಕೋ, ಆಮೇಲೋ?

ಒಂದೊಂದರ ಸ್ವಭಾವ ಒಂದೊಂದು ರೀತಿ.

‘ಹಿ ಡಸಂಟ್ ಆಲ್ವೇಸ್ ಆನ್ಸರ್’ ಎಂದರೆ ಯಾವಾಗಲೂ ಉತ್ತರಿಸುತ್ತಾನೆ ಅಂತೇನಿಲ್ಲ, ಕೆಲವೊಮ್ಮೆ ಉತ್ತರಿಸುತ್ತಾನೆ. ಕನ್ನಡದ ‘ಅವನು ಯಾವಾಗಲೂ ಉತ್ತರ ಕೊಡಲ್ಲ’ ಎಂಬ ಮಾತು ಮಾತ್ರ ಎರಡು ಕಡೆಗೂ ವಾಲುತ್ತದೆ. ‘ಯಾವತ್ತೂ ಕೊಡಲ್ಲ’ ಎಂದೂ ಆಗಬಹುದು, ‘ಪ್ರತಿ ಸಲವೂ ಕೊಡ್ತಾನೆ ಅಂತಿಲ್ಲ’ ಎಂದೂ ಆಗಬಹುದು. ಇಂಗ್ಲಿಷಿಗೆ ತರುವ ಮೊದಲು ನಿಮ್ಮ ಮನಸ್ಸಿನಲ್ಲಿರುವುದು ಯಾವುದು ಎಂದು ತೀರ್ಮಾನಿಸಿಕೊಳ್ಳಬೇಕು. ಮೊದಲನೆಯದಾದರೆ ‘ಹಿ ನೆವರ್ ಆನ್ಸರ್ಸ್’. ‘ಹಿ ಆಲ್ವೇಸ್ ಡಸಂಟ್ ಆನ್ಸರ್’ ಎಂಬುದು ವ್ಯಾಕರಣದ ಲೆಕ್ಕದಲ್ಲಿ ಹಾದುಹೋದರೂ ಕೇಳುವ ಕಿವಿಗೆ ಕಲ್ಲು ಕಡಿದಂತೆ. ‘ನೆವರ್’ ಇರುವಾಗ ಅದರ ಗೊಡವೆ ಯಾಕೆ?

‘ಆಫನ್’ ಎರಡೂ ಕಡೆ ಕೂರುತ್ತದೆ, ಆದರೆ ಅರ್ಥ ಬದಲಾಗುತ್ತದೆ. ‘ಶಿ ಡಸಂಟ್ ಆಫನ್ ಕಾಲ್’ ಎಂದರೆ ಅವಳು ಕರೆ ಮಾಡುವುದೇ ಅಪರೂಪ. ‘ಶಿ ಆಫನ್ ಡಸಂಟ್ ಕಾಲ್’ ಎಂದರೆ ಮಾಡಬೇಕಾದ ಸಂದರ್ಭಗಳಲ್ಲಿ ಎಷ್ಟೋ ಸಲ ಮಾಡುವುದಿಲ್ಲ. ಮಾಡುವ ಸಲಗಳೂ ಸಾಕಷ್ಟಿರಬಹುದು.

‘ಸಮ್‌ಟೈಮ್ಸ್’ಗೆ ನಿಷೇಧದ ಬಲಕ್ಕೆ ಕೂರುವುದೆಂದರೆ ಆಗದು. ‘ಹಿ ಸಮ್‌ಟೈಮ್ಸ್ ಡಸಂಟ್ ಈಟ್’ ಸರಿ. ‘ಹಿ ಡಸಂಟ್ ಸಮ್‌ಟೈಮ್ಸ್ ಈಟ್’ ವಿಚಿತ್ರ. ‘ಯೂಶುವಲಿ’ ಒಳ್ಳೆಯ ಮಗು. ಎಡಕ್ಕಿಟ್ಟರೂ ಬಲಕ್ಕಿಟ್ಟರೂ ಅರ್ಥ ಹೆಚ್ಚುಕಡಿಮೆ ಅದೇ.

‘ಪ್ರಾಬಬ್ಲಿ’?

ಎಡಕ್ಕೇ ಇಡಿ. ‘ಹಿ ಪ್ರಾಬಬ್ಲಿ ವೋಂಟ್ ಕಮ್’. ನಿಮ್ಮ ಅಂದಾಜನ್ನು ನೀವೇ ಅಲ್ಲಗಳೆಯುತ್ತಿಲ್ಲವಲ್ಲ, ಅದಕ್ಕೇ ಅದು ‘ನಾಟ್’ನಿಂದ ದೂರ ನಿಲ್ಲುತ್ತದೆ. ‘ನೆಸೆಸರಿಲಿ’ ಇದಕ್ಕೆ ತದ್ವಿರುದ್ಧ: ‘ನಾಟ್ ನೆಸೆಸರಿಲಿ’, ಹಾಗೇ ಆಗಬೇಕೆಂದೇನೂ ಇಲ್ಲ.

‘ಐ ಆಲ್ಮೋಸ್ಟ್ ಡಿಡ್ ನಾಟ್ ಕಮ್’ ಎಂದವರು ಬಂದರೋ, ಇಲ್ಲವೋ?

ಬಂದರು. ಬರದೇ ಇರುವುದರ ಅಂಚಿನವರೆಗೆ ಹೋಗಿ ಹಿಂತಿರುಗಿದರು: ‘ಇನ್ನೇನು ಬರೋದೇ ಇಲ್ಲ ಅಂದ್ಕೊಂಡಿದ್ದೆ, ಬಂದೆ’. ‘ಡೆಲಿಬರೇಟ್ಲಿ’ಯಲ್ಲೂ ಇಂಥದೇ ಆಟವಿದೆ. ‘ಹಿ ಡೆಲಿಬರೇಟ್ಲಿ ಡಿಡ್ ನಾಟ್ ರಿಪ್ಲೈ’: ಬೇಕೆಂದೇ ಉತ್ತರಿಸಲಿಲ್ಲ. ‘ಹಿ ಡಿಡ್ ನಾಟ್ ಡೆಲಿಬರೇಟ್ಲಿ ಬ್ರೇಕ್ ಇಟ್’: ಒಡೆದದ್ದು ಹೌದು, ಬೇಕೆಂದು ಅಲ್ಲ. ಒಂದು ಆರೋಪ, ಇನ್ನೊಂದು ಸಮಜಾಯಿಷಿ.

‘ಎನಿಬಡಿ ಡಿಡ್ ನಾಟ್ ಕಮ್’ ಯಾಕೆ ತಪ್ಪು? ‘ಯಾರೂ ಬರಲಿಲ್ಲ’ ಅಂತಲೇ ಅಲ್ಲವೇ ಅದು?

ಪದಕ್ಕೆ ಪದ ಇಟ್ಟರೆ ಹೌದು, ಅಲ್ಲೇ ಇರುವುದು ಮೋಸ. ‘ಎನಿ’, ‘ಎವರ್’ ಕುಟುಂಬದ ಪದಗಳು ಇಂಥ ವಾಕ್ಯಗಳಲ್ಲಿ ನಿಷೇಧ ಬಂದು ಹೋದ ಮೇಲಷ್ಟೇ, ಅಂದರೆ ಅದರ ಬಲಕ್ಕಷ್ಟೇ ಬರಬಹುದು. ‘ಐ ಡಿಡ್ ನಾಟ್ ಸೀ ಎನಿಬಡಿ’ ಸರಿ. ವಾಕ್ಯದ ಆರಂಭದಲ್ಲೇ ‘ಯಾರೂ’ ಬೇಕಾದರೆ ನಿಷೇಧವನ್ನು ಅದರೊಳಗೇ ಸೇರಿಸಿ ‘ನೋಬಡಿ ಕೇಮ್’ ಎನ್ನಬೇಕು. ಕನ್ನಡದ ‘ಯಾರೂ’ ಮೊದಲೇ ಬಂದು, ಕೊನೆಯ ‘ಇಲ್ಲ’ಕ್ಕಾಗಿ ಎಷ್ಟು ದೂರವಾದರೂ ಕಾಯುತ್ತದೆ. ಇಂಗ್ಲಿಷ್‌ನ ‘ಎನಿಬಡಿ’ಗೆ ಆ ತಾಳ್ಮೆ ಇಲ್ಲ.

‘ಇನ್ನೂ ಬಂದಿಲ್ಲ’ ಎನ್ನಲು ‘ಸ್ಟಿಲ್’ ಬೇಕೋ, ‘ಯೆಟ್’ ಬೇಕೋ?

ಎರಡೂ ಆಗುತ್ತದೆ, ಜಾಗ ಮಾತ್ರ ಬೇರೆ. ‘ಹಿ ಸ್ಟಿಲ್ ಹ್ಯಾಸಂಟ್ ಕಮ್’ ಎನ್ನುವಾಗ ‘ಸ್ಟಿಲ್’ ಎಡಕ್ಕೆ. ಗಡಿಯಾರ ನೋಡಿ ನೋಡಿ ಬೇಸತ್ತವರ ದನಿ ಅದರಲ್ಲಿದೆ. ‘ಹಿ ಹ್ಯಾಸಂಟ್ ಕಮ್ ಯೆಟ್’ ಎನ್ನುವಾಗ ‘ಯೆಟ್’ ಬಲಕ್ಕೆ, ಹೆಚ್ಚಾಗಿ ಕೊನೆಗೆ. ಬರುತ್ತಾನೆ, ಕಾಯೋಣ ಎನ್ನುವ ದನಿ.

ಇಲ್ಲೊಂದು ಸೊಗಸು ಇದೆ. ಕನ್ನಡದಲ್ಲಿ ‘ಇನ್ನೂ ಬರಲ್ಲ’, ‘ಇನ್ನು ಬರಲ್ಲ’ ಎರಡಕ್ಕೂ ನಡುವೆ ಇರುವುದು ಒಂದು ದೀರ್ಘ ಅಷ್ಟೇ. ಹ್ರಸ್ವದ ‘ಇನ್ನು’ಗೆ ಇಂಗ್ಲಿಷ್‌ನಲ್ಲಿ ‘ಎನಿ ಮೋರ್’: ‘ಹಿ ವೋಂಟ್ ಕಮ್ ಎನಿ ಮೋರ್’. ‘ಹಿ ಡಸಂಟ್ ಸ್ಟಿಲ್ ಲಿವ್ ಹಿಯರ್’ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ‘ಈಗ ಇಲ್ಲಿಲ್ಲ’ ಎನ್ನುವುದಕ್ಕೆ ‘ಹಿ ಡಸಂಟ್ ಲಿವ್ ಹಿಯರ್ ಎನಿ ಮೋರ್’ ಎಂದರೆ ಸಾಕು.

‘ನಾನೂ ಹೋಗಲಿಲ್ಲ’ ಎಂಬುದಕ್ಕೆ ‘ಐ ಆಲ್ಸೋ ಡಿಡ್ ನಾಟ್ ಗೋ’ ಎನ್ನಬಹುದೇ?

ಅರ್ಥವಾಗುತ್ತದೆ. ‘ಆಲ್ಸೋ’ ಎಡಕ್ಕಿರುವುದರಿಂದ ವ್ಯಾಕರಣವೂ ಮುರಿಯುವುದಿಲ್ಲ. ಆದರೆ ಸಹಜವಾಗಿ ಬರುವುದು ‘ಐ ಡಿಡ್ ನಾಟ್ ಗೋ ಈದರ್’. ತಪ್ಪಾಗುವುದು ಕೊನೆಯಲ್ಲಿ ‘ಟೂ’ ಇಟ್ಟಾಗ. ನಿಷೇಧದ ಬಲಕ್ಕೆ ‘ಟೂ’ ನಿಲ್ಲುವುದಿಲ್ಲ, ಆ ಜಾಗ ‘ಈದರ್’ನದು.

ನಮ್ಮ ‘ಊ’ ಒಂದೇ ಪ್ರತ್ಯಯ, ಇಂಗ್ಲಿಷ್‌ನಲ್ಲಿ ಮೂರು ಪಾತ್ರ ಹಾಕುತ್ತದೆ. ‘ನಾನೂ ಹೋದೆ’ಯಲ್ಲಿ ‘ಟೂ’. ‘ನಾನೂ ಹೋಗಲಿಲ್ಲ’ದಲ್ಲಿ ‘ಈದರ್’. ‘ತಿರುಗಿಯೂ ನೋಡಲಿಲ್ಲ’ದಲ್ಲಿ ‘ಈವನ್’: ‘ಹಿ ಡಿಡ್ ನಾಟ್ ಈವನ್ ಲುಕ್ ಬ್ಯಾಕ್’. ‘ಊ’ ಕಂಡಲ್ಲೆಲ್ಲ ‘ಆಲ್ಸೋ’ ಹಾಕಿದ ಅನುವಾದ ಬಂದರೆ ನನ್ನ ಕೆಂಪು ಪೆನ್ನು ತಾನಾಗಿಯೇ ಏಳುತ್ತದೆ.

‘ಮಾತ್ರ’?

‘ಅವನನ್ನು ಮಾತ್ರ ಕರೆಯಲಿಲ್ಲ’ ಎಂದರೆ ಉಳಿದವರನ್ನೆಲ್ಲ ಕರೆದಿದ್ದೀರಿ. ಇದನ್ನು ‘ಐ ಡಿಡ್ ನಾಟ್ ಇನ್ವೈಟ್ ಓನ್ಲಿ ಹಿಮ್’ ಎಂದರೆ ಅರ್ಥವೇ ತಿರುಗಿ, ಅವನೊಬ್ಬನನ್ನಷ್ಟೇ ಕರೆದದ್ದಲ್ಲ, ಇನ್ನೂ ಕೆಲವರನ್ನು ಕರೆದೆ ಎಂದಾಗುತ್ತದೆ. ಬಿಟ್ಟುಹೋದವನು ಬಂದವನಾಗಿಬಿಟ್ಟ! ಸರಿಯಾದದ್ದು ‘ಹಿ ವಾಸ್ ದಿ ಓನ್ಲಿ ಒನ್ ಐ ಡಿಡ್ ನಾಟ್ ಇನ್ವೈಟ್’.

‘ಹಾರ್ಡ್ಲಿ’ ಜೊತೆ ‘ನಾಟ್’ ಹಾಕಬಹುದೇ?

ಬೇಡ. ‘ಹಾರ್ಡ್ಲಿ’, ‘ಸ್ಕೇರ್ಸ್ಲಿ’, ‘ಬೇರ್ಲಿ’, ‘ಸೆಲ್ಡಮ್’ ಇವು ಮಾರುವೇಷದ ನಿಷೇಧಗಳು. ‘ಹಿ ಹಾರ್ಡ್ಲಿ ಸ್ಪೀಕ್ಸ್’ ಎಂದರೆ ಮಾತಾಡುವುದೇ ಇಲ್ಲ ಎನ್ನಬೇಕು, ಅಷ್ಟು ಕಡಿಮೆ. ‘ಹಾರ್ಡ್’ಗೂ ಇದಕ್ಕೂ ಈಗ ನಂಟಿಲ್ಲ. ‘ಹಿ ವರ್ಕ್ಡ್ ಹಾರ್ಡ್’ ಹೊಗಳಿಕೆ, ‘ಹಿ ಹಾರ್ಡ್ಲಿ ವರ್ಕ್ಡ್’ ತೆಗಳಿಕೆ.

ಎರಡು ನಿಷೇಧ ಸೇರಿದರೆ ಹೌದು ಎಂದಾಗುತ್ತದೆ ಎಂಬ ನಿಯಮ ಇಂಗ್ಲಿಷ್ ಹುಟ್ಟುವಾಗಲೇ ಬಂದದ್ದಲ್ಲ. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಒಂದೇ ವಾಕ್ಯದಲ್ಲಿ ಎರಡು ಮೂರು ನಿಷೇಧಗಳನ್ನು ಒತ್ತುಕೊಡಲೆಂದೇ ಪೇರಿಸುತ್ತಿದ್ದ. ಎರಡು ನಿಷೇಧಗಳು ಒಂದನ್ನೊಂದು ಹೊಡೆದುಹಾಕುತ್ತವೆ ಎಂದು ರಾಬರ್ಟ್ ಲೌತ್ 18ನೇ ಶತಮಾನದ ತನ್ನ ಇಂಗ್ಲಿಷ್ ವ್ಯಾಕರಣ ಪುಸ್ತಕದಲ್ಲಿ ಬರೆದ ಮೇಲೆ ಶಾಲೆಗಳಲ್ಲಿ ಅದು ಗಟ್ಟಿಯಾಯಿತು. ಆಡುಮಾತಿನಲ್ಲಿ ‘ಐ ಡಿಡ್ ನಾಟ್ ಸೀ ನಥಿಂಗ್’ ಇಂದಿಗೂ ಜೀವಂತ. ಏನೂ ನೋಡಲಿಲ್ಲ ಎಂದೇ ಅದರ ಅರ್ಥ. ಕೇಳಿದರೆ ಅರ್ಥ ಮಾಡಿಕೊಳ್ಳಿ, ನೀವು ಮಾತ್ರ ಬರೆಯಬೇಡಿ.

ಅಂದಹಾಗೆ, ಈ ‘ಡೂ’ ಎಲ್ಲಿಂದ ಬಂತು?

ಹಳೆಯ ಇಂಗ್ಲಿಷ್‌ನಲ್ಲಿ ನಿಷೇಧ ಎಂದರೆ ಕ್ರಿಯಾಪದಕ್ಕೆ ಮೊದಲು ಒಂದು ಸಣ್ಣ ‘ನೆ’. ಅದರ ಸದ್ದು ಸೊರಗುತ್ತ ಹೋದಂತೆ ಬೆಂಬಲಕ್ಕೆ ಕ್ರಿಯಾಪದ ಆದಮೇಲೆ ‘ನಾಟ್’ ಬಂತು. ಮೂಲದಲ್ಲಿ ಅದರ ಅರ್ಥ ‘ಏನೂ ಇಲ್ಲ’ ಎಂದು. ಆಮೇಲೆ ‘ನೆ’ ಬಿದ್ದುಹೋಗಿ ‘ಐ ಸೇ ನಾಟ್’ ಉಳಿಯಿತು. ಕೊನೆಗೆ ‘ಡೂ’ ಸೇರಿ ‘ಐ ಡೂ ನಾಟ್ ಸೇ’ ಆಯಿತು. 1600ರ ಆಸುಪಾಸಿನ ಶೇಕ್ಸ್‌ಪಿಯರ್ ನಾಟಕಗಳಲ್ಲಿ ‘ಡೂ’ ಇರುವ, ಇಲ್ಲದ ಎರಡೂ ಮಾದರಿ ಸಿಗುತ್ತವೆ. ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ 1917ರಲ್ಲಿ ಈ ಸರಣಿಯನ್ನು ವಿವರಿಸಿದ. ಈಗ ಇದಕ್ಕೆ ಅವನ ಹೆಸರೇ ಇದೆ, ಯೆಸ್ಪರ್ಸನ್ ಚಕ್ರ. ನಮ್ಮಲ್ಲೂ ಹಿಂದೆ ‘ನೋಡೆನು’, ‘ಬಾರೆನು’ ಎಂದು ಕ್ರಿಯಾಪದದೊಳಗೇ ನಿಷೇಧ ಅಡಗಿತ್ತು. ಬೇರೆಯಾಗಿ ‘ಇಲ್ಲ’ ಬಂದು ಆ ಜಾಗ ಹಿಡಿದದ್ದು ಆಮೇಲೆ.

‘ಅಂಟಿಲ್’ಗೂ ‘ಬೈ’ಗೂ ಏನು ವ್ಯತ್ಯಾಸ?

‘ಹಿ ಡಿಡ್ ನಾಟ್ ಕಮ್ ಅಂಟಿಲ್ ಫೈವ್’: ಐದರವರೆಗೂ ಬರಲಿಲ್ಲ, ಬಂದದ್ದು ಐದಕ್ಕೆ. ನಿಷೇಧ ವಾಕ್ಯವಾದರೂ ಕೇಳಿದವರಿಗೆ ಸಿಗುವ ಸುದ್ದಿ ಅವನು ಬಂದ ಎಂಬುದೇ. ‘ಹಿ ಹ್ಯಾಡ್ ನಾಟ್ ಕಮ್ ಬೈ ಫೈವ್’: ಐದರೊಳಗೆ ಬಂದಿರಲಿಲ್ಲ. ಆಮೇಲಾದರೂ ಬಂದನೋ ಇಲ್ಲವೋ ಆ ವಾಕ್ಯಕ್ಕೆ ಗೊತ್ತಿಲ್ಲ. ಕನ್ನಡದ ‘ವರೆಗೂ’, ‘ಒಳಗೆ’ ಇದೇ ಭೇದವನ್ನು ಅಚ್ಚುಕಟ್ಟಾಗಿ ತೋರಿಸುತ್ತವೆ, ಅವನ್ನೇ ನೆಚ್ಚಿಕೊಳ್ಳಿ.

‘ಅಂಟಿಲ್ ಹಿ ಡಸಂಟ್ ಕಮ್, ಐ ವೋಂಟ್ ಗೋ’ ಎಂಬ ವಾಕ್ಯವೂ ಆಗಾಗ ಕಿವಿಗೆ ಬೀಳುತ್ತದೆ. ‘ಅವನು ಬರೋವರೆಗೂ ನಾನು ಹೋಗಲ್ಲ’ ಎನ್ನುವಾಗ ಕನ್ನಡದಲ್ಲೇ ಮೊದಲ ಭಾಗದಲ್ಲಿ ನಿಷೇಧವಿಲ್ಲ, ಇಂಗ್ಲಿಷ್‌ನಲ್ಲಿ ಯಾಕೆ ತುರುಕಬೇಕು? ‘ಅನ್‌ಲೆಸ್’ ಒಳಗಂತೂ ‘ಬರದಿದ್ದರೆ’ಯ ನಿಷೇಧ ಆಗಲೇ ಕೂತಿದೆ.

‘ಎರಡು ವರ್ಷದಿಂದ ನೋಡಿಲ್ಲ’: ‘ಫ್ರಮ್’, ‘ಸಿನ್ಸ್’, ‘ಫಾರ್’, ‘ಇನ್’ ಯಾವುದು?

‘ಇಂದ’ ಕಂಡೊಡನೆ ‘ಫ್ರಮ್’ ಎನ್ನುವುದು ನಮ್ಮ ಹಳೇ ಚಾಳಿ. ಇಲ್ಲಿ ಅದು ನಡೆಯದು. ಅವಧಿ ಹೇಳುವಾಗ ‘ಫಾರ್’: ‘ಐ ಹ್ಯಾವಂಟ್ ಸೀನ್ ಹಿಮ್ ಫಾರ್ ಟೂ ಇಯರ್ಸ್’. ಶುರುವಾದ ಬಿಂದು ಹೇಳುವಾಗ ‘ಸಿನ್ಸ್’, ಉದಾಹರಣೆಗೆ ‘ಸಿನ್ಸ್ 2022’. ‘ಇನ್ ಟೂ ಇಯರ್ಸ್’ ಕೂಡ ಸರಿಯೇ. ಆದರೆ ಆ ಅರ್ಥ ಬರುವುದು ನಿಷೇಧದ ಜೊತೆಗಷ್ಟೇ. ‘ಐ ಹ್ಯಾವ್ ಲಿವ್ಡ್ ಹಿಯರ್ ಇನ್ ಟೂ ಇಯರ್ಸ್’ ಎನ್ನುವಂತಿಲ್ಲ.

‘ಫಾರ್’ನಲ್ಲಿ ಒಂದು ಗುಂಡಿ ಇದೆ. ‘ಹಿ ಡಿಡ್ ನಾಟ್ ಸ್ಲೀಪ್ ಫಾರ್ ಟೂ ಅವರ್ಸ್’. ಎರಡು ಗಂಟೆ ನಿದ್ದೆಯೇ ಬರಲಿಲ್ಲವೋ, ನಿದ್ದೆ ಬಂತು ಆದರೆ ಎರಡು ಗಂಟೆಯಷ್ಟು ಮಾಡಲಿಲ್ಲವೋ? ವಾಕ್ಯ ಎರಡನ್ನೂ ಹೊತ್ತಿದೆ. ಅವಧಿಯನ್ನು ಮುಂದಕ್ಕೆ ತಂದು ‘ಫಾರ್ ಟೂ ಅವರ್ಸ್ ಹಿ ಡಿಡ್ ನಾಟ್ ಸ್ಲೀಪ್’ ಎಂದರೆ ಅದು ‘ನಾಟ್’ನ ಎಡಕ್ಕೆ ಪಾರಾಗಿ ಮೊದಲ ಅರ್ಥವಷ್ಟೇ ಉಳಿಯುತ್ತದೆ.

‘ಬಿಕಾಸ್ ಆಫ್’ ಇದ್ದಾಗ ಯಾಕೆ ಗೊಂದಲ?

ಅದೇ ಗುಂಡಿ, ಇನ್ನೂ ಆಳ. ‘ಹಿ ಡಿಡ್ ನಾಟ್ ರಿಸೈನ್ ಬಿಕಾಸ್ ಆಫ್ ದ ಮನಿ’. ಒಂದು ಅನುವಾದದಲ್ಲಿ ಇಂಥ ವಾಕ್ಯ ‘ದುಡ್ಡಿನ ಕಾರಣಕ್ಕೆ ಅವನು ರಾಜೀನಾಮೆ ಕೊಡಲಿಲ್ಲ’ ಎಂದಾಗಿತ್ತು. ಎರಡು ಪುಟ ಮುಂದೆ ಅದೇ ಮನುಷ್ಯ ಕೆಲಸವಿಲ್ಲದೆ ಕೂತಿದ್ದ! ಮೂಲದಲ್ಲಿ ಹೇಳಿದ್ದು ‘ಅವನು ರಾಜೀನಾಮೆ ಕೊಟ್ಟದ್ದು ದುಡ್ಡಿಗಾಗಿ ಅಲ್ಲ’ ಎಂದು.

ನಮ್ಮಲ್ಲಿ ಈ ಎರಡು ಅರ್ಥಕ್ಕೆ ಎರಡು ಪದವೇ ಇವೆ. ಕ್ರಿಯೆಯನ್ನು ಅಲ್ಲಗಳೆದರೆ ‘ಇಲ್ಲ’. ಕ್ರಿಯೆಯನ್ನು ಒಪ್ಪಿ ಅದರ ರೀತಿ, ಕಾರಣ, ಜಾಗವನ್ನು ಅಲ್ಲಗಳೆದರೆ ‘ಅಲ್ಲ’. ‘ಹಿ ಡಿಡ್ ನಾಟ್ ಗೋ ಬೈ ಟ್ರೇನ್’ ಎಂಬುದನ್ನು ‘ರೈಲಲ್ಲಿ ಹೋಗಲಿಲ್ಲ’ ಎನ್ನುವುದಕ್ಕಿಂತ ‘ಹೋದದ್ದು ರೈಲಲ್ಲಿ ಅಲ್ಲ’ ಎಂದರೆ ಎಷ್ಟೋ ಸಲ ಮೂಲಕ್ಕೆ ಹತ್ತಿರ. ಒಂದೇ ‘ನಾಟ್’ ಇಟ್ಟುಕೊಂಡ ಇಂಗ್ಲಿಷ್ ಇಲ್ಲಿ ನಮಗಿಂತ ಬಡವಿ. ನೀವೇ ಇಂಗ್ಲಿಷ್‌ನಲ್ಲಿ ಬರೆಯುವಾಗ ‘ಅಲ್ಲ’ ಬೇಕಾದರೆ ‘ಇಟ್ ವಾಸ್ ನಾಟ್ ಬಿಕಾಸ್ ಆಫ್ ದ ಮನಿ ದಟ್ ಹಿ ರಿಸೈನ್ಡ್’ ಎಂದು ಬಿಡಿಸಿ ಬರೆಯಿರಿ. ಉದ್ದವಾದರೂ ಯಾರೂ ತಪ್ಪಾಗಿ ಓದುವುದಿಲ್ಲ.

ನಿಷೇಧ ಬಂದಾಗ ಕ್ರಿಯಾಪದದ ಜೊತೆಗಿರುವ ಪ್ರಿಪೊಸಿಷನ್ ಬದಲಾಗುತ್ತದೆಯೇ?

ಇಲ್ಲ. ‘ಲುಕ್ ಅಟ್’ ಇದ್ದದ್ದು ‘ಡಿಡ್ ನಾಟ್ ಲುಕ್ ಅಟ್’ ಆಗುತ್ತದೆ, ಅಷ್ಟೇ. ಆದರೆ ನಿಷೇಧ ವಾಕ್ಯದಲ್ಲಿ ಪ್ರಿಪೊಸಿಷನ್ ತಪ್ಪಿದರೆ ಪೆಟ್ಟು ಜೋರು. ‘ಐ ಹ್ಯಾವಂಟ್ ಹರ್ಡ್ ಆಫ್ ಹಿಮ್’ ಎಂದರೆ ಅಂಥವನೊಬ್ಬ ಇದ್ದಾನೆಂದೇ ಗೊತ್ತಿಲ್ಲ. ‘ಐ ಹ್ಯಾವಂಟ್ ಹರ್ಡ್ ಫ್ರಮ್ ಹಿಮ್’ ಎಂದರೆ ಚೆನ್ನಾಗಿ ಗೊತ್ತು, ಇತ್ತೀಚೆಗೆ ಅವನಿಂದ ಸುದ್ದಿಯಿಲ್ಲ. ‘ಐ ವೋಂಟ್ ಹಿಯರ್ ಆಫ್ ಇಟ್’ ಎಂದರೆ ಆ ಮಾತೇ ಎತ್ತಬೇಡ, ನಾನು ಒಪ್ಪಲ್ಲ. ಈ ಕೊನೆಯದಕ್ಕೆ ಆ ಅರ್ಥ ಬರುವುದು ನಿಷೇಧದಲ್ಲಷ್ಟೇ.

‘ಟೋಲ್ಡ್ ಮಿ ನಾಟ್ ಟು ಗೋ’, ‘ಡಿಡ್ ನಾಟ್ ಟೆಲ್ ಮಿ ಟು ಗೋ’?

‘ಹೋಗಬೇಡ ಅಂದ’, ‘ಹೋಗು ಅನ್ನಲಿಲ್ಲ’. ‘ನಾಟ್’ ತನ್ನ ಬಲಕ್ಕಿರುವ ಕ್ರಿಯಾಪದವನ್ನು ಹಿಡಿಯುತ್ತದೆ ಎಂಬುದಷ್ಟೇ ನೆನಪಿರಲಿ. ‘ಟ್ರೈ ನಾಟ್ ಟು ಲಾಫ್’ ಎಂದರೆ ನಗದಿರಲು ನೋಡು. ‘ಡೋಂಟ್ ಟ್ರೈ ಟು ಲಾಫ್’ ಎಂದರೆ ನಗಲು ಹೋಗಬೇಡ.

‘ಹೇಳದೆ ಹೋದ’ ಎನ್ನುವುದರಲ್ಲಿ ‘ನಾಟ್’ ಎಲ್ಲಿ?

‘ನಾಟ್’ ಬೇಕಿಲ್ಲ. ‘ಹೇಳದೆ’ಗೆ ‘ವಿದೌಟ್ ಟೆಲಿಂಗ್’. ಈ ಪ್ರಿಪೊಸಿಷನ್ ಹೊಟ್ಟೆಯಲ್ಲೇ ನಿಷೇಧ ಇಟ್ಟುಕೊಂಡಿದೆ. ಅದಕ್ಕೇ ಅದರ ಬಲಕ್ಕೆ ‘ಎನಿ’ ಒಪ್ಪುತ್ತದೆ: ‘ವಿದೌಟ್ ಎನಿ ರೀಸನ್’. ‘ಹೇಳದಿದ್ದುದಕ್ಕೆ’ ಆದರೆ ಮಾತ್ರ ‘ನಾಟ್’ ಬೇಕು, ಅದೂ ಪ್ರಿಪೊಸಿಷನ್ ಆದಮೇಲೆ: ‘ಸಾರಿ ಫಾರ್ ನಾಟ್ ಟೆಲಿಂಗ್ ಯೂ’. ‘ಫಾರ್ ಡಿಡ್ ನಾಟ್ ಟೆಲ್’ ಎಂದು ಬರುವುದೇ ಇಲ್ಲ.

‘ಮಸ್ಟ್ ನಾಟ್’ ಮತ್ತು ‘ಡೋಂಟ್ ಹ್ಯಾವ್ ಟು’?

‘ಕೂಡದು’ ಮತ್ತು ‘ಬೇಕಾಗಿಲ್ಲ’. ಬೆರೆಸಿದರೆ ರಿಯಾಯಿತಿ ಕೊಡಲು ಹೋಗಿ ನಿರ್ಬಂಧ ಹೇರಿದಂತೆ.

‘ಅಟ್ ನೋ ಟೈಮ್’ ಆದಮೇಲೆ ಪದಗಳು ತಿರುವುಮುರುವಾಗುತ್ತವೆ, ‘ಇನ್ ನೋ ಟೈಮ್’ ಆದಮೇಲೆ ಆಗುವುದಿಲ್ಲ. ಯಾಕೆ?

ನನಗೆ ಬಹಳ ಇಷ್ಟದ ಪ್ರಶ್ನೆ ಇದು. ‘ಅಟ್ ನೋ ಟೈಮ್ ಡಿಡ್ ಹಿ ಶೌಟ್’: ಅವನು ಯಾವ ಹೊತ್ತಿನಲ್ಲೂ ಕೂಗಾಡಲಿಲ್ಲ. ‘ಇನ್ ನೋ ಟೈಮ್ ಹಿ ಫಿನಿಶ್ಡ್ ಇಟ್’: ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿದ. ಎರಡರಲ್ಲೂ ‘ನೋ’ ಇದೆ. ಮೊದಲನೆಯದರಲ್ಲಿ ಕೆಲಸ ನಡೆಯಲಿಲ್ಲ, ಎರಡನೆಯದರಲ್ಲಿ ನಡೆಯಿತು. ವಾಕ್ಯದ ಮೊದಲಿಗಿಟ್ಟ ‘ಅಟ್ ನೋ ಟೈಮ್’ನಂಥ ಪ್ರಿಪೊಸಿಷನ್ ಕಂತೆಯ ನಿಷೇಧ ಇಡೀ ವಾಕ್ಯಕ್ಕೆ ಹಬ್ಬಿದರೆ ಸಹಾಯಕ ಕ್ರಿಯಾಪದ ಕರ್ತೃವನ್ನು ದಾಟಿ ಮುಂದೆ ಬರುತ್ತದೆ. ಕಂತೆಯೊಳಗೇ ಮುಗಿದರೆ ಎಲ್ಲ ತಂತಮ್ಮ ಜಾಗದಲ್ಲೇ. ‘ಅಂಡರ್ ನೋ ಸರ್ಕಮ್‌ಸ್ಟಾನ್ಸಸ್’, ‘ಆನ್ ನೋ ಅಕೌಂಟ್’ ಮೊದಲ ಗುಂಪು. ‘ಫಾರ್ ನೋ ರೀಸನ್’ ಸಾಮಾನ್ಯವಾಗಿ ಎರಡನೆಯದು. ಸುಮ್ಮಸುಮ್ಮನೆ ಕೂಗಾಡಿದ ಎನ್ನುವಾಗ ಅವನು ಕೂಗಾಡಿದ್ದಂತೂ ನಿಜವಲ್ಲವೇ?

ಒಂದೇ ಕಂತೆ ಎರಡೂ ಕಡೆ ನಿಲ್ಲುವುದೂ ಉಂಟು. ‘ವಿತ್ ನೋ ಜಾಬ್, ಹಿ ವುಡ್ ಬಿ ಹ್ಯಾಪಿ’: ಕೆಲಸವೇ ಇಲ್ಲದಿದ್ದರೆ ಅವನು ಸುಖವಾಗಿರುತ್ತಾನೆ. ‘ವಿತ್ ನೋ ಜಾಬ್ ವುಡ್ ಹಿ ಬಿ ಹ್ಯಾಪಿ’: ಯಾವ ಕೆಲಸ ಕೊಟ್ಟರೂ ಅವನಿಗೆ ಸುಖವಿಲ್ಲ. ‘ಹಿ’, ‘ವುಡ್’ ಎಂಬ ಎರಡು ಪದಗಳು ಜಾಗ ಬದಲಿಸಿದವು, ಸೋಮಾರಿ ಹೋಗಿ ಅತೃಪ್ತ ಬಂದ.